ಸೈನೈಡ್ ದಿಬ್ಬದ ಲೆಕ್ಕ ಯಾರ ಪುಸ್ತಕದಲ್ಲಿದೆ?

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದವರು ಕೋರಮಂಡಲ್ ಬರುವ ಹೊತ್ತಿಗೆ ತೂಕಡಿಸುತ್ತಿರುತ್ತಾರೆ. ಕಿಟಕಿಯಾಚೆ ಬೂದಿ ಬಣ್ಣದ ದಿಬ್ಬಗಳು ಬಂದು ಹೋಗುತ್ತವೆ. "ಅದ್ರಲ್ಲೇನ್ ನೋಡೋದು, ಸೈನೈಡ್ ದಿಬ್ಬ ತಾನೆ?" ಎಂಬುದು ಎಲ್ಲರ ಮಾತು.

ನೋಡುವುದು ಬಹಳ ಇದೆ, ಸ್ವಾಮಿ!

ಇದು ದೇವರಿಟ್ಟ ಬೆಟ್ಟವಲ್ಲ. ನೂರಿಪ್ಪತ್ತು ವರ್ಷ ಪಾತಾಳದಿಂದ ಎತ್ತಿದ ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. ಕೆಲಸ ಹೋಯಿತು, ದಿಬ್ಬ ಉಳಿಯಿತು.

ದಿಬ್ಬದ ನೆತ್ತಿ ಬಹುಪಾಲು ಬೋಳು, ಬುಡದಲ್ಲಿ ಜಾಲಿ, ಹುಲ್ಲು. ಗಿಡಕ್ಕೆ ಬೇಕಾದ ಸತ್ವ ಆ ಪುಡಿಯಲ್ಲಿಲ್ಲ. ಗಾಳಿ ಬೀಸಿದರೆ ಅದು ಎದ್ದು ಒಣಹಾಕಿದ ಬಟ್ಟೆಯ ಮೇಲೂ ಕೂರುತ್ತದೆ, ಅಂಗಡಿಯ ಗಾಜಿನ ಭರಣಿಯ ಮೇಲೂ ಕೂರುತ್ತದೆ. ಮಳೆ ಬಂದರೆ ಕೊರಕಲು ಹಿಡಿದು ಕೆಳಗೆ ಹರಿಯುತ್ತದೆ.

ಆದರೂ ಗಣಿ ಸುತ್ತಿನ ಬಯಲಲ್ಲಿ ಕೃಷ್ಣಮೃಗಗಳಿವೆ. ಗಂಡಿಗೆ ಕಪ್ಪು ಬೆನ್ನು, ತಿರುಚಿದ ಕೊಂಬು. ಹೆಣ್ಣಿಗೆ ಮಣ್ಣಿನ ಬಣ್ಣ. ಟಿಟ್ಟಿಭ ಹಕ್ಕಿ ಮರದ ಮೇಲೆ ಗೂಡು ಕಟ್ಟುವುದಿಲ್ಲ, ಬರೀ ನೆಲದ ಮೇಲೆ ಕಲ್ಲಿನ ಬಣ್ಣದ ಮೊಟ್ಟೆ ಇಡುತ್ತದೆ. ಕಣ್ಣಿಟ್ಟು ನೋಡದವನು ತುಳಿದೇ ಹೋಗುತ್ತಾನೆ.

ಈ ಮಾತು ಈಗೇಕೆ? 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಸಾವಿರ ಎಕರೆಗೂ ಮೀರಿದ ಜಾಗದ 13 ದಿಬ್ಬಗಳನ್ನು ಮತ್ತೆ ಅಗೆಯಲು ಒಪ್ಪಿಗೆ ಕೊಟ್ಟಿತು. ನಾಲ್ಕು ಜನಕ್ಕೆ ಕೆಲಸ ಸಿಕ್ಕರೆ ಊರಿಗೆ ಸಂತೋಷವೇ. ಆದರೆ ನಾಳೆ "ಧೂಳು ಜಾಸ್ತಿಯಾಯ್ತು" ಅಂದರೆ "ಮೊದಲೆಷ್ಟಿತ್ತು?" ಅಂತ ಕೇಳುತ್ತಾರೆ. "ಜಿಂಕೆ ಕಾಣ್ತಿಲ್ಲ" ಅಂದರೆ "ಎಷ್ಟಿದ್ವು, ತೋರ್ಸಿ" ಅಂತಾರೆ. ಆಗ ತೋರಿಸಲು ಊರಿನವರ ಕೈಯಲ್ಲಿ ಏನಿರಬೇಕು?

ದೊಡ್ಡ ವಿದ್ಯೆ ಬೇಡ. ಅಂಗಡಿಯವರು ಸಾಲದ ಪುಸ್ತಕದ ಕೊನೇ ಹಾಳೆಯಲ್ಲಿ ದಿನಕ್ಕೊಂದು ಸಾಲು ಬರೆದರಾಯಿತು: ತಾರೀಖು, ಗಾಳಿ ಯಾವ ದಿಕ್ಕಿನದು, ಗಾಜಿನ ಮೇಲೆ ಧೂಳು ಕೂತಿತೇ ಇಲ್ಲವೇ. ಬಸ್ಸು, ರೈಲಿನಲ್ಲಿ ಓಡಾಡುವವರು ಯಾವ ಜಾಗದಲ್ಲಿ ಎಷ್ಟು ಜಿಂಕೆ ಎಂದು ಗುರುತು ಹಾಕಿಕೊಳ್ಳಲಿ. ಕಾಣದ ದಿನ "ಕಾಣಲಿಲ್ಲ" ಎಂದೂ ಬರೆಯಬೇಕು; ಅದೂ ಲೆಕ್ಕವೇ.

ಬರೆದಿಡದ ಸಾಲ ವಸೂಲಾಗುವುದಿಲ್ಲ. ಇದನ್ನು ಅಂಗಡಿ ಇಟ್ಟವರಿಗೆ ಹೇಳಿಕೊಡಬೇಕೆ?