ಬಡ ಕಾರ್ಡಿಗೂ 144 ಹರ್ಟ್ಸ್ ಬೇಕು

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಜೋಡಿಸಿಕೊಡುವವನು ನಾನು. ಕಾಲೇಜು ಹುಡುಗರು ಹೆಚ್ಚಾಗಿ ಕೇಳುವುದು ಇದನ್ನೇ: "ಅಣ್ಣಾ, ನನ್ನ ಹತ್ರ ಇರೋದು ಜಿಟಿಎಕ್ಸ್ 1650. ಇದಕ್ಕೆ 144 ಹರ್ಟ್ಸ್ ಮಾನಿಟರ್ ಹಾಕಿದ್ರೆ ದುಡ್ಡು ದಂಡ ಅಲ್ವಾ?"

ದಂಡವಲ್ಲ. ಇಂಥ ಅಗ್ಗದ ಗ್ರಾಫಿಕ್ಸ್ ಕಾರ್ಡಿಗೇ ಅದರ ಉಪಯೋಗ ಜಾಸ್ತಿ ಎನ್ನುವವನು ನಾನು.

ಹರ್ಟ್ಸ್ ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು ಎಂಬ ಲೆಕ್ಕ. 60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಬದಲಿಸುತ್ತದೆ, 144ರದ್ದು ಸುಮಾರು 7 ಮಿಲಿಸೆಕೆಂಡಿಗೊಮ್ಮೆ. ಚಿತ್ರ ತಯಾರಿಸುವ ಕೆಲಸ ಮಾತ್ರ ಕಾರ್ಡಿನದು. ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಅದರ ವೇಗವೇ ಎಫ್‌ಪಿಎಸ್. ಎರಡಕ್ಕೂ ತಾಳ ಕೂಡದಿದ್ದರೆ ಪರದೆಯ ಮೇಲ್ಭಾಗದಲ್ಲಿ ಒಂದು ಚಿತ್ರ, ಕೆಳಗೆ ಇನ್ನೊಂದು. ಆಟದ ಸೆಟ್ಟಿಂಗ್ಸ್‌ನಲ್ಲಿ ವಿ-ಸಿಂಕ್ ಹಾಕಿದರೆ ಆ ಸೀಳು ಹೋಗುತ್ತದೆ, ಆದರೆ ಕಾರ್ಡು ಒಂದು ಚಿತ್ರಕ್ಕೆ 17 ಮಿಲಿಸೆಕೆಂಡು ತೆಗೆದುಕೊಂಡರೂ ಸಾಕು, 60 ಹರ್ಟ್ಸ್ ಪರದೆಯಲ್ಲಿ ಅದು ಮುಂದಿನ ಸರದಿಗೆ ಕಾಯಬೇಕು. ಆಟ ಮುಗ್ಗರಿಸುತ್ತದೆ.

1650ರಲ್ಲಿ ವ್ಯಾಲೊರಂಟ್ ಆಡಿದರೆ, ಸೆಟ್ಟಿಂಗ್ಸ್ ಇಳಿಸಿಕೊಂಡಾಗ, ಎಫ್‌ಪಿಎಸ್ 144ನ್ನು ಆರಾಮಾಗಿ ದಾಟುತ್ತದೆ. ಅದೇ ಕಾರ್ಡಿನಲ್ಲಿ ಸೈಬರ್‌ಪಂಕ್ 2077 ಹಾಕಿ, 40ರ ಆಸುಪಾಸಿನಲ್ಲಿ ಏದುಸಿರು ಬಿಡುತ್ತದೆ. ಹಾಗಾಗಿ "ಕಾರ್ಡಿಗೆ ಎಷ್ಟು ಎಫ್‌ಪಿಎಸ್ ಬರುತ್ತೋ ಅಷ್ಟೇ ಹರ್ಟ್ಸ್" ಅನ್ನುವ ಲೆಕ್ಕ ನಡೆಯುವುದಿಲ್ಲ.

ಇಲ್ಲಿ ನೆರವಿಗೆ ಬರುವುದು ಎಎಂಡಿಯ ಫ್ರೀಸಿಂಕ್ ಎಂಬ ತಂತ್ರ. ಕಾರ್ಡು ಚಿತ್ರ ಕೊಟ್ಟಾಗಲೇ ಪರದೆ ಬದಲಾಗುತ್ತದೆ. 2019ರ ಜನವರಿಯಿಂದ ಎನ್ವಿಡಿಯಾದ ಜಿಟಿಎಕ್ಸ್ 10 ಸರಣಿ ಮತ್ತು ನಂತರದ ಕಾರ್ಡುಗಳಲ್ಲೂ ಫ್ರೀಸಿಂಕ್ ಮಾನಿಟರ್‌ಗಳು ಕೆಲಸ ಮಾಡುತ್ತವೆ. ಆದರೆ ಇದಕ್ಕೊಂದು ವ್ಯಾಪ್ತಿ ಇದೆ, ಡಬ್ಬದ ಮೇಲೆ ಅದನ್ನು ದೊಡ್ಡದಾಗಿ ಯಾರೂ ಅಚ್ಚು ಹಾಕುವುದಿಲ್ಲ. 75 ಹರ್ಟ್ಸ್‌ನ ಅಗ್ಗದ ಮಾನಿಟರಿನಲ್ಲಿ ಸಾಮಾನ್ಯವಾಗಿ 48ರಿಂದ 75. 144ರದ್ದರಲ್ಲಿ 48ರಿಂದ 144. ಆಟ 40ಕ್ಕೆ ಕುಸಿಯಿತು ಅನ್ನಿ. ಎರಡನೆಯದರಲ್ಲಿ ಒಂದೊಂದು ಚಿತ್ರವನ್ನೂ ಎರಡೆರಡು ಸಲ ತೋರಿಸಿ ಪರದೆ 80ರಲ್ಲಿ ಓಡುತ್ತದೆ, ತಾಳ ತಪ್ಪುವುದಿಲ್ಲ. ಮೊದಲನೆಯದರ ಮಿತಿಯೇ 75, 80 ಎಲ್ಲಿಂದ ಬರಬೇಕು? ಅಲ್ಲಿ ಮತ್ತೆ ಸೀಳು, ಇಲ್ಲವೇ ಮುಗ್ಗರಿಕೆ. ಮೇಲಿನ ಅಂಕಿ ಕೆಳಗಿನದರ ಎರಡು ಪಟ್ಟಾದರೂ ಇರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಕೊಳ್ಳುವ ಮುಂಚೆ ತಯಾರಕರ ವಿವರಪಟ್ಟಿಯಲ್ಲಿ ಈ ವ್ಯಾಪ್ತಿಯನ್ನು ಹುಡುಕಿ ನೋಡಿ.

ದುಡ್ಡು ನಿಜಕ್ಕೂ ದಂಡವಾಗುವುದು ರೆಸಲ್ಯೂಷನ್ ಏರಿಸಿದಾಗ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿ, 1440ಪಿಯಲ್ಲಿ 36.9 ಲಕ್ಷ. ಪ್ರತಿ ಚಿತ್ರಕ್ಕೂ ಅಷ್ಟನ್ನೂ ತುಂಬಬೇಕಾದದ್ದು ಅದೇ ಬಡ ಕಾರ್ಡು. 1650 ಇರುವವರು 1080ಪಿ ಬಿಟ್ಟು ಮೇಲೆ ಹೋಗಬೇಡಿ. 240 ಹರ್ಟ್ಸ್ ಕೂಡ ಬೇಡ, ಆ ದುಡ್ಡನ್ನು ಮುಂದಿನ ಕಾರ್ಡಿಗೆ ಎತ್ತಿಡಿ.

ಎನ್ವಿಡಿಯಾ ಕಾರ್ಡಿನಲ್ಲಿ ಫ್ರೀಸಿಂಕ್ ಬೇಕಿದ್ದರೆ ಡಿಸ್‌ಪ್ಲೇಪೋರ್ಟ್ ಕೇಬಲ್ಲನ್ನೇ ಹಾಕಿ. ಮೊದಲು ಕಾರ್ಡಿನ ಹಿಂಭಾಗದಲ್ಲಿ ಅದರ ಕಿಂಡಿ ಇದೆಯಾ ನೋಡಿಕೊಳ್ಳಿ. ಆಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ 144 ಆರಿಸಿ. ಎಷ್ಟೋ ಮನೆಗಳಲ್ಲಿ ಅದು ಇನ್ನೂ 60ರಲ್ಲೇ ಕೂತಿರುತ್ತದೆ.