ಮೃಗಾಲಯದಲ್ಲಿ ಮಗುವಿನ ಹೊಣೆ ಯಾರದು?



ರಜೆ ಬಂತೆಂದರೆ ನಮ್ಮ ಧರ್ಮಕೇಂದ್ರಗಳಿಂದ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವುದು ವಾಡಿಕೆ. ತಾಳವಾಡಿ, ವಯನಾಡಿನ ಕಡೆಯವರಿಗೆ ಮೈಸೂರಿನ ಮೃಗಾಲಯ, ಕಾಸರಗೋಡಿನವರಿಗೆ ಮಂಗಳೂರಿನ ಪಿಲಿಕುಳ. ಹುಲಿ, ಆನೆಗಳನ್ನು ಕಂಡ ಮಕ್ಕಳ ಸಂತೋಷಕ್ಕೆ ಮಿತಿಯಿಲ್ಲ. ಈ ಸಲ ಬೆಳೆ, ಗೊಬ್ಬರದ ಮಾತನ್ನು ಬದಿಗಿಟ್ಟು, ಪ್ರಾಣಿಗಳ ಆವರಣದ ಮುಂದೆ ಮಗುವಿನ ಸುರಕ್ಷತೆ ಯಾರ ಹೊಣೆ ಎಂಬುದನ್ನು ವಿಚಾರ ಮಾಡೋಣ.

2016ರ ಮೇ 28ರಂದು ಅಮೆರಿಕದ ಸಿನ್ಸಿನಾಟಿ ಮೃಗಾಲಯಕ್ಕೆ ತಾಯಿಯೊಬ್ಬಳು ಮಕ್ಕಳೊಡನೆ ಬಂದಿದ್ದಳು. ಗೊರಿಲ್ಲಾಗಳ ಆವರಣದ ಬಳಿ ಮೂರು ವರ್ಷದ ಮಗ ಕೈತಪ್ಪಿದ. ತಡೆಯನ್ನು ದಾಟಿ, ಪೊದೆಯಲ್ಲಿ ನುಸುಳಿ, ಸುಮಾರು 15 ಅಡಿ ಕೆಳಗಿನ ಕಂದಕಕ್ಕೆ ಬಿದ್ದ. ಪಾಲಕರು ಕರೆದಾಗ ಎರಡು ಹೆಣ್ಣು ಗೊರಿಲ್ಲಾಗಳು ಒಳಗೆ ಹೋದವು. ಹರಾಂಬೆ ಎಂಬ 17 ವರ್ಷದ, ಸುಮಾರು 200 ಕಿಲೋ ತೂಕದ ಗಂಡು ಗೊರಿಲ್ಲಾ ಹೋಗಲಿಲ್ಲ. ಮೇಲೆ ಜನ ಕಿರುಚುತ್ತಿದ್ದರು. ಅದು ಮಗುವನ್ನು ನೀರಿನಲ್ಲಿ ಎಳೆದಾಡಿತು. ಸುಮಾರು ಹತ್ತು ನಿಮಿಷದ ಬಳಿಕ ಸಿಬ್ಬಂದಿ ಅದನ್ನು ಗುಂಡಿಟ್ಟು ಕೊಂದರು. ಮಗು ಬದುಕಿತು. ಮಂಪರು ಮದ್ದು ಕೊಡಬಹುದಿತ್ತಲ್ಲ ಎಂದು ಹಲವರು ಕೇಳಿದರು. ಆದರೆ ಆ ಮದ್ದು ಹಿಡಿಯಲು ಹಲವು ನಿಮಿಷ ಬೇಕು. ಚುಚ್ಚಿದ ನೋವಿಗೆ ಪ್ರಾಣಿ ಇನ್ನಷ್ಟು ಕೆರಳಬಹುದು.

1986ರಲ್ಲಿ ಜರ್ಸಿ ದ್ವೀಪದ ಮೃಗಾಲಯದಲ್ಲಿ ಐದು ವರ್ಷದ ಬಾಲಕ ಹೀಗೆಯೇ ಬಿದ್ದಾಗ ಜಾಂಬೋ ಎಂಬ ಗೊರಿಲ್ಲಾ ಅವನಿಗೆ ಕಾವಲು ನಿಂತಿತ್ತು. 1996ರಲ್ಲಿ ಚಿಕಾಗೊ ಬಳಿಯ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿ ಬಿಂಟಿ ಜುವಾ ಎಂಬ ಹೆಣ್ಣು ಗೊರಿಲ್ಲಾ, ಬಿದ್ದ ಮೂರು ವರ್ಷದ ಮಗುವನ್ನು ಎತ್ತಿಕೊಂಡು ಬಾಗಿಲ ಬಳಿಗೆ ತಂದಿತ್ತು. ಆದರೆ ಎಲ್ಲ ಸಲವೂ ಹಾಗಾಗುತ್ತದೆಂದು ನಂಬಿ ಕೂರಲಾಗದು.

ಹರಾಂಬೆ ಸತ್ತ ಮೇಲೆ ಲಕ್ಷಾಂತರ ಜನ ಆ ತಾಯಿಯನ್ನು ದೂರಿದರು. ಇನ್ನು ಕೆಲವರು ಮೃಗಾಲಯವನ್ನು ದೂರಿದರು. ಅಲ್ಲಿನ ಸರ್ಕಾರಿ ವಕೀಲರು ತನಿಖೆ ಮಾಡಿ ತಾಯಿಯ ಮೇಲೆ ಮೊಕದ್ದಮೆ ಬೇಡವೆಂದರು. ಮೃಗಾಲಯಗಳ ತಪಾಸಣೆ ಮಾಡುವ ಅಲ್ಲಿನ ಕೃಷಿ ಇಲಾಖೆಯು, ತಡೆ ನಿಯಮಕ್ಕೆ ತಕ್ಕಂತೆ ಇರಲಿಲ್ಲವೆಂದಿತು. ಅದೇ ಇಲಾಖೆ ಹಿಂದಿನ ತಪಾಸಣೆಗಳಲ್ಲಿ ಆ ತಡೆಯಲ್ಲಿ ಕೊರತೆ ಕಂಡಿರಲಿಲ್ಲ. 1978ರಲ್ಲಿ ತೆರೆದ ಆವರಣಕ್ಕೆ ಅಲ್ಲಿಯವರೆಗೆ ಯಾರೂ ಹೀಗೆ ಬಿದ್ದಿರಲಿಲ್ಲ. ಘಟನೆಯ ಹತ್ತು ದಿನಗಳ ಬಳಿಕ 42 ಅಂಗುಲ ಎತ್ತರದ, ಬಲೆ ಬಿಗಿದ ಹೊಸ ತಡೆ ಬಂತು. ಮೊದಲೇ ಬಂದಿದ್ದರೆ ಒಂದು ಜೀವ ಉಳಿಯುತ್ತಿತ್ತು.

ಕೃಷಿಕರಾದ ನಮಗೆ ಇದು ಸುಲಭವಾಗಿ ಅರ್ಥವಾಗುವ ವಿಷಯ. ತೋಟದ ಬಾವಿಗೆ ಕಟ್ಟೆ ಕಟ್ಟದೆ ಬಿಟ್ಟು, ಮಗು ಬಿದ್ದ ಮೇಲೆ ‘ತಾಯಿ ಎಲ್ಲಿದ್ದಳು?’ ಎಂದು ಕೇಳುವುದು ನ್ಯಾಯವಲ್ಲ. ಕಟ್ಟೆ ಇದೆಯೆಂದು ಮಗುವನ್ನು ಅದರ ಮೇಲೆ ಕೂರಿಸುವುದೂ ವಿವೇಕವಲ್ಲ. ಗುಂಡಿ ತೋಡಿ ಮುಚ್ಚದೆ ಬಿಟ್ಟವನೇ ಅದರಲ್ಲಿ ಬಿದ್ದ ದನಕ್ಕೆ ಬೆಲೆ ಕೊಡಬೇಕೆಂದು ವಿಮೋಚನಾಕಾಂಡ ವಿಧಿಸುತ್ತದೆ. ಹೊಸ ಮನೆಯ ಮಾಳಿಗೆಗೆ ಸುತ್ತುಗೋಡೆ ಇರಬೇಕೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ಯಾರಾದರೂ ಬಿದ್ದಾರೆಂದು ಮೊದಲೇ ಎಣಿಸಿ ಕಟ್ಟುವುದು ಕಟ್ಟುವವನ ಧರ್ಮ. ಮಗುವಿನ ಕೈ ಬಿಡದಿರುವುದು ಹಿರಿಯರ ಧರ್ಮ. ಒಬ್ಬರು ತಪ್ಪಿದರೆ ಇನ್ನೊಬ್ಬರ ಎಚ್ಚರ ಮಗುವನ್ನು ಕಾಯಬೇಕು. ಅದಕ್ಕಾಗಿಯೇ ಎರಡೂ ಬೇಕು.

ನಮ್ಮ ದೇಶದಲ್ಲಿಯೂ ಸಂದರ್ಶಕರನ್ನು ಪ್ರಾಣಿಗಳಿಂದ ದೂರವಿಡುವ ತಡೆ ಮತ್ತು ಎಚ್ಚರಿಕೆಯ ಫಲಕ ಇರಬೇಕೆಂದು ಮೃಗಾಲಯಗಳ ನಿಯಮಗಳು ಹೇಳುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ತಿನ್ನಿಸುವುದು, ಗದ್ದಲದಿಂದ ಬೆದರಿಸುವುದು ಅಪರಾಧ. ಮುರಿದ ಕಂಬಿ ಕಂಡರೆ ಸುಮ್ಮನೆ ಮುಂದೆ ಸಾಗಬೇಡಿ. ಕಾವಲುಗಾರನಿಗೆ ತಿಳಿಸಿ, ಕಚೇರಿಯಲ್ಲಿ ಬರೆದು ಕೊಡಿ.

ಪ್ರವಾಸ ಹೊರಡುವವರು ಈ ಮಾತುಗಳನ್ನು ನೆನಪಿಡಿ:

1. ಹೊರಡುವ ಮುನ್ನವೇ ಯಾವ ಮಗು ಯಾರ ಪಾಲಿಗೆ ಎಂದು ಪಟ್ಟಿ ಮಾಡಿ. ‘ಎಲ್ಲರೂ ನೋಡಿಕೊಳ್ಳುತ್ತಾರೆ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ.

2. ಐದು ವರ್ಷದೊಳಗಿನ ಮಗುವಿನ ಕೈ ಆವರಣದ ಮುಂದೆ ಸದಾ ಹಿರಿಯರ ಕೈಯಲ್ಲಿರಲಿ. ಆ ವಯಸ್ಸಿಗೆ ಅಪಾಯದ ಅರಿವಿಲ್ಲ. ಒಂದು ಫೋಟೋ ತೆಗೆಯುವಷ್ಟರಲ್ಲಿ ಮಗು ತಡೆ ಹತ್ತಿರುತ್ತದೆ.

3. ಚೆನ್ನಾಗಿ ಕಾಣಲೆಂದು ಮಗುವನ್ನು ಕಂಬಿಯ ಮೇಲೆ ನಿಲ್ಲಿಸಬೇಡಿ. 2012ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಮೃಗಾಲಯದಲ್ಲಿ ಹಾಗೆ ನಿಲ್ಲಿಸಿದ ಎರಡು ವರ್ಷದ ಮಗು ಜಾರಿ ಕಾಡುನಾಯಿಗಳ ನಡುವೆ ಬಿದ್ದು ಪ್ರಾಣ ಬಿಟ್ಟಿತು.

4. ಯಾರಾದರೂ ಒಳಗೆ ಬಿದ್ದರೆ ಕೂಗಬೇಡಿ, ಕಲ್ಲೆಸೆಯಬೇಡಿ, ಒಳಗೆ ಹಾರಬೇಡಿ. ಗದ್ದಲದಿಂದ ಪ್ರಾಣಿ ಕೆರಳುತ್ತದೆ. ಒಬ್ಬರು ಓಡಿ ಸಿಬ್ಬಂದಿಗೆ ತಿಳಿಸಲಿ, ಉಳಿದವರು ಜನರನ್ನು ಹಿಂದೆ ಸರಿಸಲಿ.

5. ಹೊರಗೆ ಅಲೆಯುವ ಕೋತಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಕಾಫಿಪುಡಿ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.

ಮೃಗಾಲಯಕ್ಕೆ ಹೋಗಬೇಡಿ ಎಂಬುದು ನಮ್ಮ ಮಾತಲ್ಲ. ದೇವರ ಸೃಷ್ಟಿಯ ವೈಭವವನ್ನು ಮಕ್ಕಳು ಕಣ್ಣಾರೆ ಕಾಣಲಿ. ಆದರೆ ಒಂದು ಕ್ಷಣದ ಅಜಾಗ್ರತೆಯ ಬೆಲೆಯನ್ನು ಏನೂ ತಿಳಿಯದ ಮಗುವೋ, ಏನೂ ತಪ್ಪು ಮಾಡದ ಪ್ರಾಣಿಯೋ ತೆರಬೇಕಾಗುತ್ತದೆ. ಆದ್ದರಿಂದ ಮುಂದಿನ ಪ್ರವಾಸಕ್ಕೆ ವಾಹನ ಗೊತ್ತು ಮಾಡುವ ದಿನವೇ, ಮಕ್ಕಳ ಜೊತೆಗೆ ಹೋಗುವ ಹಿರಿಯರನ್ನೂ ಗೊತ್ತು ಮಾಡೋಣ.