ನಿದ್ದೆ, ಉಪ್ಪು ಮತ್ತು ಲಿಥಿಯಂ

ವಾರಗಟ್ಟಲೆ ನಿದ್ದೆಯಿಲ್ಲದೆ ಓಡಾಡಿ, ಎತ್ತು ಮಾರಿ, ಊರಿಗೆಲ್ಲ ಊಟ ಹಾಕಿಸಲು ಹೊರಟವನು ಕೆಲವು ತಿಂಗಳ ಮೇಲೆ ಮುಸುಕು ಹಾಕಿ ಮಲಗಿಬಿಟ್ಟರೆ ಬೈಲಹೊಂಗಲ, ರಾಮದುರ್ಗದ ಕಡೆ "ಯಾರೋ ಮಾಡಿಸ್ಯಾರ" ಎನ್ನುತ್ತಾರೆ. ಆ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಕಣ್ಣೆದುರೇ ಮನುಷ್ಯ ಹಾಗೆ ಬದಲಾದರೆ ಯಾರಿಗಾದರೂ ದಿಕ್ಕು ತೋಚದು. ಆದರೆ ಆ ಅಬ್ಬರ, ಈ ಮೌನ ಎರಡೂ ಒಂದೇ ಕಾಯಿಲೆ: ಬೈಪೋಲಾರ್. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಸಾವಿರ ವಯಸ್ಕರಲ್ಲಿ ಸುಮಾರು ಐವರಿಗೆ ಜೀವಮಾನದಲ್ಲಿ ಇದು ತಗಲುತ್ತದೆ.

ಕಾರಣ ಮಿದುಳಿನಲ್ಲಿದೆ. ಬದುಕಿರುವವರ ಮಿದುಳನ್ನು ಬಗೆದು ನೋಡುವಂತಿಲ್ಲವಲ್ಲ! ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ವಿಜ್ಞಾನಿಗಳು ಬೇರೆ ದಾರಿ ಹಿಡಿದಿದ್ದಾರೆ. ಒಂದೇ ಮನೆಯ ಹಲವರಿಗೆ ಕಾಯಿಲೆಯಿರುವ ಕುಟುಂಬಗಳಿಂದ ರಕ್ತ ಪಡೆದು, ಅದರ ಕಣಗಳನ್ನು ಆಕರಕೋಶಗಳಾಗಿಸಿ, ಅವುಗಳಿಂದ ತಟ್ಟೆಯಲ್ಲೇ ನರಕೋಶ ಬೆಳೆಸುತ್ತಾರೆ. 2015ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯವರು ರೋಗಿಗಳ ಕೋಶಗಳಿಂದ ಬೆಳೆಸಿದ ನರಕೋಶಗಳು ಅತಿಯಾಗಿ ಉದ್ರೇಕಗೊಳ್ಳುವುದನ್ನು ಕಂಡರು. ಈ ಕಾಯಿಲೆಯ ಮದ್ದಾದ ಲಿಥಿಯಂ ಹಾಕಿದಾಗ ಕೆಲವು ಶಾಂತವಾದವು. ಅವು ಲಿಥಿಯಂನಿಂದ ಗುಣ ಕಂಡ ರೋಗಿಗಳ ಕೋಶಗಳೇ ಆಗಿದ್ದವು! ಯಾರಿಗೆ ಯಾವ ಮದ್ದು ಎಂಬುದನ್ನು ಮೊದಲೇ ಅರಿಯುವ ಆಸೆ ಚಿಗುರಿದ್ದು ಇಲ್ಲಿಂದ. 2025ರ ಜಾಗತಿಕ ಅಧ್ಯಯನ ಕಾಯಿಲೆಯ ನಂಟಿರುವ 298 ವಂಶವಾಹಿ ತಾಣಗಳನ್ನು ಗುರುತಿಸಿತು. ಒಂದೊಂದರ ಪಾಲೂ ಅತಿ ಸಣ್ಣದು.

ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಲಿಥಿಯಂನ ಗುಣವನ್ನು ವರದಿ ಮಾಡಿದರು. ಇಂದಿಗೂ ಇದನ್ನು ಮೀರಿಸಿದ ಮದ್ದುಗಳು ಕಡಿಮೆ. ಆದರೆ ಗುಣಕ್ಕೂ ವಿಷಕ್ಕೂ ನಡುವಿನ ಅಂತರ ಕಿರಿದು. ಮೂತ್ರಪಿಂಡವು ಲಿಥಿಯಂ ಅನ್ನು ಉಪ್ಪಿನ ಸೋಡಿಯಂನಂತೆಯೇ ನಡೆಸಿಕೊಳ್ಳುತ್ತದೆ; ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಲಿಥಿಯಂ ಹೊರಹೋಗದೆ ರಕ್ತದಲ್ಲಿ ಏರುತ್ತದೆ. ಬೇಸಿಗೆಯ ಬಿಸಿಲಲ್ಲಿ ಹೊಲದಲ್ಲಿ ಬೆವರುವವರು, ಉಪವಾಸ ಮಾಡುವವರು, ವಾಂತಿಭೇದಿ ಆದವರು ಎಚ್ಚರದಿಂದಿರಬೇಕು. ಕೈ ನಡುಗಿ, ಮಾತು ತೊದಲಿ, ನಡಿಗೆ ತೂರಾಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕೀಲುನೋವಿಗೆ ಅಂಗಡಿಯಿಂದ ತಂದ ಗುಳಿಗೆಯೂ ಅದರ ಮಟ್ಟ ಏರಿಸಬಹುದು. ಹಾಗೆಂದು ಏಕಾಏಕಿ ನಿಲ್ಲಿಸಿದರೆ ಉನ್ಮಾದ ಮರುಕಳಿಸಬಹುದು.

ನಿದ್ದೆಗೆಡುವುದೂ ಉನ್ಮಾದಕ್ಕೆ ಕಿಡಿ. ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಡುವವರಲ್ಲಿ ಈ ಕಾಯಿಲೆಯವರಿದ್ದರೆ ಹರಕೆ ತೀರಲಿ, ದರ್ಶನವೂ ಆಗಲಿ. ರಾತ್ರಿಯ ಜಾಗರಣೆ ಮಾತ್ರ ಅವರಿಗೆ ಬೇಡ.

ಚಿಕಿತ್ಸೆ ಬೇಕಾದರೆ, ಕಿತ್ತೂರಿನಿಂದ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿಗೆ ಹೋಗಲಾಗದವರು ಟೆಲಿ ಮಾನಸ್‌ನ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಕಾಸು ಬೇಕಿಲ್ಲ.